ವಸ್ತಿ ಗಾಡಿ ಹೊರಡುವ ಮುಂಚೆ

ನಸುಕಿನ ಐದೂವರೆಗೆ ನಮ್ಮ ಚಿಕ್ಕೇರೂರಿನ ಬಸ್ ನಿಲ್ದಾಣದಲ್ಲಿ ಎದ್ದು ಓಡಾಡುವವರು ಇಬ್ಬರೇ. ಒಬ್ಬರು ಚಹಾ ಅಂಗಡಿಯವರು, ಇನ್ನೊಬ್ಬರು ವಸ್ತಿ ಗಾಡಿಯ ಡ್ರೈವರ್. ರಾತ್ರಿ ಊರಿಗೆ ಬಂದು ತಂಗಿದ ಸರ್ಕಾರಿ ಬಸ್ಸು ನಸುಕಿಗೆ ಮತ್ತೆ ಹೊರಡಬೇಕು. ಅದಕ್ಕೂ ಮುಂಚೆ ಆ ಡ್ರೈವರ್ ಅರ್ಧ ಕೊಡ ನೀರು ತಂದು ಮುಂದಿನ ಗಾಜು ತೊಳೆಯುತ್ತಾರೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಹಳೆಯ ಪೇಪರು. ಪೇಪರನ್ನು ಮುದ್ದೆ ಮಾಡಿ ಗಾಜನ್ನೆಲ್ಲ ಒಂದು ಸಲ ಒರೆಸಿದರೆ, ತಮ್ಮ ಸೀಟಿನ ಎದುರಿನ ಜಾಗವನ್ನು ಮಾತ್ರ ಮತ್ತೊಂದು ಸಲ ಒರೆಸುತ್ತಾರೆ. ಒರೆಸಿ, ಹಿಂದೆ ಸರಿದು, ತಲೆ ವಾರೆ ಮಾಡಿ ನೋಡುತ್ತಾರೆ. ಬೆಳಗಿನ ತಿರುಗಾಟಕ್ಕೆ ಹೊರಟ ನಾನು ಅಲ್ಲಿ ಒಂದು ಕಪ್ ಚಹಾ ಕುಡಿದು, ಅವರ ಜೊತೆ ನಾಲ್ಕು ಮಾತಾಡಿ ಮುಂದೆ ಹೋಗುವುದು ರೂಢಿ.

ಈ ಜನವರಿಯ ಒಂದು ಮುಂಜಾನೆ ಬಹಳ ಎತ್ತರದಲ್ಲಿ ವಿಮಾನವೊಂದು ಹೊರಟಿತ್ತು. ಕೆಳಗೆ ನಮಗಿನ್ನೂ ಕತ್ತಲು, ಮೇಲೆ ಅದಕ್ಕೆ ಆಗಲೇ ಬಿಸಿಲು ತಾಗಿತ್ತು. ಹಿಂದೆ ಬಿಟ್ಟ ಗೆರೆ ತಿಳಿಗೆಂಪಾಗಿತ್ತು. ಡ್ರೈವರ್ ಪೇಪರು ಕೈಯಲ್ಲಿ ಹಿಡಿದೇ ಮೇಲೆ ನೋಡಿದರು.

“ಸರ, ಅದನ್ನ ಓಡಸೋರಿಗೆ ಎಷ್ಟಕ್ಕ ರಿಟೈರ್ಡ್ ರೀ?”

“ಅರವತ್ತೈದಕ್ಕ.”

“ನಮಗ ಅರವತ್ತು. ಬರೋ ಮೇ ಮೂವತ್ತೊಂದಕ್ಕ ನಂದು ಮುಗೀತು ನೋಡ್ರಿ.”

ಮೇ 31 ಎಂದ ಕೂಡಲೇ ನನಗೆ ತಿಳಿಯಿತು. “ಹಂಗಾರ ಜೂನ್ ಒಂದು ಹುಟ್ಟಿದ್ದೇನ್ರಿ?” ಅಂದೆ. ಅವರು ನಕ್ಕರು. “ಮಾಸ್ತರ್ರು ಬರದದ್ದ್ರಿ ಸರ. ನಾ ಹುಟ್ಟಿದ್ದು ಯಾವಾಗಂತ ಯಾರಿಗೆ ಗೊತ್ತು?”

ಜೂನ್ 1 ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ತಲೆಮಾರಿನವರಿಗೆಲ್ಲ ಜನ್ಮದಿನ. ಮಗುವನ್ನು ಶಾಲೆಗೆ ಹಾಕಲು ಬಂದ ಅಪ್ಪನಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ದೊಡ್ಡ ಮಳೆ ಬಂದ ವರ್ಷ ಅನ್ನುತ್ತಿದ್ದರು, ಜಾತ್ರೆ ಮುಗಿದ ಎಂಟು ದಿನಕ್ಕೆ ಅನ್ನುತ್ತಿದ್ದರು. ಮಾಸ್ತರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ಸಿಕ್ಕರೆ ವಯಸ್ಸು ಆಯಿತು, ದಾಖಲೆ ಪುಸ್ತಕದಲ್ಲಿ ಜೂನ್ 1. ನಾನೂ ಹಾಗೆ ಕಿವಿ ಮುಟ್ಟಿ ಸೇರಿದವನೇ. ದೀಪಾವಳಿಯ ಆಸುಪಾಸು ಹುಟ್ಟಿದೆ ಎಂದು ಅವ್ವ ಹೇಳುತ್ತಿದ್ದಳು. ಆದರೂ ಮಾಸ್ತರಿಕೆಯಿಂದ ನಾನು ನಿವೃತ್ತನಾದದ್ದು ಮೇ 31ಕ್ಕೇ. ಅವತ್ತು ನನ್ನಂತೆಯೇ ಎಷ್ಟೋ ಜನ ಶಾಲು, ಹಾರ, ಫಲಪುಷ್ಪ ಹಿಡಿದು ಮನೆಗೆ ನಡೆದರು.

ಅಂದಾಜಿನಲ್ಲಿ ಬರೆದ ಒಂದು ತಾರೀಖು ಮನುಷ್ಯನ ಕೆಲಸಕ್ಕೆ ಗೆರೆ ಎಳೆಯುತ್ತದೆ. ಅನ್ಯಾಯ ಅನ್ನಿಸಬೇಕು. ನನಗೆ ಅನ್ನಿಸುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ನಮ್ಮ ಅಜ್ಜನ ಕೂರಿಗೆಯ ಮಾತು ಹೇಳಬೇಕು.

ಅಜ್ಜ ಕೂರಿಗೆ ಹಿಡಿದರೆ ಸಾಲು ನೂಲು ಹಿಡಿದಂತೆ ಬೀಳುತ್ತಿತ್ತು. ಅಕ್ಕಪಕ್ಕದ ಹೊಲದವರು ಬಂದು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಒಂದು ಮುಂಗಾರಿನಲ್ಲಿ ಬಿತ್ತಿದ ಎಂಟು ದಿನಕ್ಕೆ ಜೋಳದ ಮೊಳಕೆ ಎದ್ದಾಗ ಸಾಲು ಸೊಟ್ಟ ಕಂಡಿತು. ಹೊಲದ ನಡುವೆ ಒಂದು ಕಡೆ ಎರಡು ಸಾಲು ಕೂಡಿಯೇ ಬಿಟ್ಟಿದ್ದವು. ಅಪ್ಪ ನೋಡಿದ, ಕಾಕಾ ನೋಡಿದ. ಯಾರೂ ತುಟಿ ಬಿಚ್ಚಲಿಲ್ಲ. ಅಜ್ಜನೂ ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದು ಮನೆಗೆ ಬಂದ. ಮರುವರ್ಷವೂ ಕೂರಿಗೆ ಹಿಡಿದವನು ಅಜ್ಜನೇ. ಸಾಲು ಸೊಟ್ಟ ಬಿದ್ದರೆ ಅಲ್ಲಿಗೇ ಮುಗಿಯುವುದಿಲ್ಲ. ಎಡೆಕುಂಟೆ ಹೊಡೆಯುವಾಗ ಎತ್ತು ನೆಟ್ಟಗೆ ಹೋಗುತ್ತದೆ, ಸೊಟ್ಟ ಇದ್ದ ಕಡೆ ಕುಂಟೆಯ ಕುಡ ಪೈರನ್ನೇ ಕೊಯ್ದುಕೊಂಡು ಹೋಗುತ್ತದೆ. ಆ ವರ್ಷ ಅಪ್ಪ ಕುಂಟೆ ನಿಲ್ಲಿಸಿ ನಿಲ್ಲಿಸಿ, ಕೊಯ್ದುಹೋದ ಪೈರನ್ನು ಮಣ್ಣಿನಿಂದ ಎತ್ತಿ ನೋಡಿ ಮತ್ತೆ ಅಲ್ಲೇ ಬಿಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಮೂರನೆಯ ವರ್ಷ ಬಿತ್ತಿಗೆಯ ದಿನ ಅವ್ವ ಬುತ್ತಿ ಕಟ್ಟುವಾಗ ಒಂದು ಬುತ್ತಿ ಕಡಿಮೆ ಕಟ್ಟಿದಳು. ಅಜ್ಜ ಪಡಸಾಲೆಯಲ್ಲಿ ಕೂತು ಅದನ್ನು ಎಣಿಸಿದ. ಏನೂ ಕೇಳಲಿಲ್ಲ. ಉಟ್ಟ ಧೋತರದ ಕಚ್ಚೆ ಬಿಚ್ಚಿ ಸುಮ್ಮನೆ ಮಡಿಚಿ ಕೂತ.

ಅವ್ವನ ತಪ್ಪು ಅನ್ನಲಾರೆ. ಆಕೆ ಅಜ್ಜನನ್ನು ಹೆತ್ತ ತಂದೆಯಂತೆ ನೋಡಿಕೊಂಡವಳು. ಮಗನಿಂದ ಹೇಳಲಾಗಲಿಲ್ಲ, ಸೊಸೆಯ ಬಾಯಲ್ಲಿ ಅದು ಬರುವಂತಿರಲಿಲ್ಲ, ಬುತ್ತಿಯ ಲೆಕ್ಕ ಹೇಳಿತು. ಆ ಪಡಸಾಲೆಯ ಮೌನ ನನ್ನ ಎದೆಯಲ್ಲಿ ಇವತ್ತಿಗೂ ಇದೆ. ಹೊಲಕ್ಕೆ ಮೇ 31 ಎಂಬುದಿಲ್ಲ. ಒಂದು ತಾರೀಖು ಇದ್ದಿದ್ದರೆ ಅಜ್ಜ ಹಾರ ಹಾಕಿಸಿಕೊಂಡು ಕೂರಿಗೆ ಇಳಿಸುತ್ತಿದ್ದನೋ ಏನೋ.

ವಿಮಾನದ ಪೈಲಟ್‌ಗಳಿಗೆ ಆ ತಾರೀಖು ಇದೆ. ಅದು ಹುಟ್ಟಿದ ಕಥೆ ಮಾತ್ರ ಅಷ್ಟು ಶುದ್ಧವಲ್ಲ. 1959ರಲ್ಲಿ ಅಮೆರಿಕದ ವಿಮಾನಯಾನ ಆಡಳಿತದ ಮುಖ್ಯಸ್ಥರಾಗಿದ್ದ ಎಲ್ವುಡ್ ಕ್ವೆಸಾಡಾ ಪ್ರಯಾಣಿಕ ವಿಮಾನದ ಪೈಲಟ್‌ಗಳಿಗೆ 60 ವರ್ಷದ ಮಿತಿ ತಂದರು, 1960ರ ಮಾರ್ಚ್ 15ರಿಂದ ಅದು ಜಾರಿಗೆ ಬಂತು. ವಯಸ್ಸಾದಂತೆ ಹೃದಯ ಯಾವ ಕ್ಷಣಕ್ಕೆ ಕೈಕೊಡುತ್ತದೋ ಹೇಳಲಾಗದು ಎಂಬುದು ಕಾರಣ. ಜೆಟ್ ವಿಮಾನಗಳು ಆಗತಾನೆ ಬಂದಿದ್ದ ಕಾಲ, ಭಯವೂ ಸಹಜ. ಆದರೆ ಹಿರಿಯ ಪೈಲಟ್‌ಗಳ ವಿಚಾರದಲ್ಲಿ ಕಾರ್ಮಿಕ ಸಂಘದೊಂದಿಗೆ ಜಗಳವಾಡುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥರು 1959ರಲ್ಲೇ ಕ್ವೆಸಾಡಾ ಅವರಿಗೆ ಪತ್ರ ಬರೆದು ಸಹಾಯ ಕೇಳಿದ್ದರು. ಹುದ್ದೆ ಬಿಟ್ಟ ಮೇಲೆ ಕ್ವೆಸಾಡಾ ಅದೇ ಕಂಪನಿಯ ನಿರ್ದೇಶಕ ಮಂಡಳಿಗೆ ಸೇರಿದರು. ಮನೆಗೆ ಹೋದ ಪೈಲಟ್‌ಗಳು ಇದನ್ನು ಮರೆಯಲಿಲ್ಲ, ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ಸಿಟ್ಟು ನ್ಯಾಯವಾದದ್ದೇ. ಕಿವಿ ಮುಟ್ಟಿಸಿ ಬರೆದ ತಾರೀಖಿನಲ್ಲಾದರೂ ಯಾರ ಲಾಭವೂ ಇರಲಿಲ್ಲ.

ಆ 60ರ ಗೆರೆ ಅಲ್ ಹೇನ್ಸ್ ಎಂಬ ಕ್ಯಾಪ್ಟನ್‌ನನ್ನೂ ಮನೆಗೆ ಕಳಿಸಿತು. 1989ರ ಜುಲೈ 19ರಂದು ಅವರ ವಿಮಾನದ ಬಾಲದ ಎಂಜಿನ್ ಒಡೆದು, ರೆಕ್ಕೆ ಬಾಲಗಳನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಬತ್ತಿಹೋಯಿತು. ಉಳಿದ ಎರಡು ಎಂಜಿನ್‌ಗಳ ವೇಗವನ್ನೇ ಹೆಚ್ಚುಕಡಿಮೆ ಮಾಡುತ್ತ ವಿಮಾನವನ್ನು ಅಮೆರಿಕದ ಸೂ ಸಿಟಿಯ ನಿಲ್ದಾಣದವರೆಗೆ ತಂದರು. 296 ಜನರಲ್ಲಿ 184 ಮಂದಿ ಬದುಕಿದರು. ಆಗ ಹೇನ್ಸ್ ಅವರಿಗೆ 57. ಎರಡು ವರ್ಷದ ನಂತರ 60 ತುಂಬಿತು, ಕೆಲಸ ಮುಗಿಯಿತು. ಆ ದಿನದ ಬಗ್ಗೆ ಭಾಷಣ ಮಾಡುವಾಗಲೆಲ್ಲ ಅವರು ತಮ್ಮ ಚಾಣಾಕ್ಷತನ ಹೇಳಿಕೊಳ್ಳುತ್ತಿರಲಿಲ್ಲ. ಪ್ರಯಾಣಿಕರ ಸೀಟಿನಿಂದ ಎದ್ದು ಬಂದು ಕೈ ಹಚ್ಚಿದ ಇನ್ನೊಬ್ಬ ಪೈಲಟ್‌ನೂ ಸೇರಿ ಪೈಲಟ್ ಕೋಣೆಯಲ್ಲಿದ್ದ ಎಲ್ಲರ ಅನುಭವ ಕೂಡಿದರೆ 103 ವರ್ಷ ಆಗುತ್ತಿತ್ತು, ಅದು ಉಳಿಸಿತು ಎನ್ನುತ್ತಿದ್ದರು.

ಮುಂದೆ ಗೆರೆ ಸರಿಯಿತು. 2006ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದನ್ನು 65ಕ್ಕೆ ಏರಿಸಿತು, ಮರುವರ್ಷ ಡಿಸೆಂಬರ್‌ನಲ್ಲಿ ಅಮೆರಿಕವೂ ಒಪ್ಪಿತು. ನಮ್ಮ ದೇಶದ ನಿಯಮವೂ 65. ವಿಮಾನ ನಡೆಸುವವರು ಒಬ್ಬರೇ ಆಗಿದ್ದರೆ ಅಂತರರಾಷ್ಟ್ರೀಯ ಹಾರಾಟಕ್ಕೆ 60ಕ್ಕೇ ಕೊನೆ. ಇಬ್ಬರು ಇದ್ದಾಗ ಮಾತ್ರ 65. 2006ರಲ್ಲಿ ಅದಕ್ಕೆ ಇನ್ನೊಂದು ಷರತ್ತು ಇತ್ತು: ಇಬ್ಬರಲ್ಲಿ ಒಬ್ಬರು 60 ದಾಟಿದ್ದರೆ ಪಕ್ಕದಲ್ಲಿ ಕೂತವರು 60ರ ಒಳಗಿನವರೇ ಆಗಿರಬೇಕು. 2014ರಲ್ಲಿ ಅದನ್ನು ತೆಗೆದರು. ತೆಗೆದದ್ದು ಸರಿಯೋ ತಪ್ಪೋ, ನನಗೆ ಆ ಷರತ್ತಿನ ಮೇಲೆ ಪ್ರೀತಿ. ಹಿರಿಯರ ಮಗ್ಗುಲಲ್ಲಿ ಒಬ್ಬ ಕಿರಿಯ, ಕೂರಿಗೆಯ ಪಕ್ಕದಲ್ಲಿ ಸಾಲು ನೋಡುತ್ತ ನಡೆಯುವ ಮಗನಂತೆ.

60 ದಾಟಿದ ಪೈಲಟ್‌ಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ. ಕಣ್ಣು, ಕಿವಿ, ರಕ್ತದೊತ್ತಡ, ಇಸಿಜಿ ಎಲ್ಲ ನೋಡುತ್ತಾರೆ. ವರ್ಷಕ್ಕೆರಡು ಸಲ ಸಿಮ್ಯುಲೇಟರ್ ಎಂಬ ನಕಲಿ ವಿಮಾನದಲ್ಲಿ ಕೂಡಿಸಿ, ಬೇಕೆಂದೇ ಎಂಜಿನ್ ಕೆಡಿಸಿ, ಏನು ಮಾಡುತ್ತಾರೆಂದು ಪರೀಕ್ಷಿಸುತ್ತಾರೆ. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಿಂದ ಇದೇ ವಿದ್ಯೆಯಲ್ಲಿ ತೊಡಗಿದೆ. ಇಷ್ಟೆಲ್ಲ ಅಳೆದ ಮೇಲೂ ಒಂದು ವಯಸ್ಸಿಗೆ ಸಾಕು ಎನ್ನುತ್ತಾರೆ. ಗಟ್ಟಿಮುಟ್ಟಾದ 66ರ ಮನುಷ್ಯ ಕೇಳಬಹುದು, ನನ್ನಲ್ಲಿ ಯಾವ ದೋಷ ಕಂಡಿರಿ ಎಂದು. ಅವನ ದೋಷ ಹುಡುಕಿ, ಅವನ ಮುಖಕ್ಕೆ ಹೇಳಬೇಕಾದ ಕಷ್ಟ ಯಾರಿಗೂ ಬಾರದಿರಲಿ ಎಂದೇ ಆ ಸಂಖ್ಯೆ ಇದೆ ಎಂದು ನಾನು ತಿಳಿದಿದ್ದೇನೆ. ಕೊನೆಯ ಹಾರಾಟ ಮುಗಿಸಿ ಬಂದ ಕ್ಯಾಪ್ಟನ್‌ಗೆ ಕೆಲವು ನಿಲ್ದಾಣಗಳಲ್ಲಿ ಅಗ್ನಿಶಾಮಕ ವಾಹನಗಳು ಎರಡೂ ಬದಿಯಿಂದ ನೀರು ಚಿಮ್ಮಿಸಿ, ಕಮಾನು ಕಟ್ಟಿ, ವಿಮಾನವನ್ನು ಅದರ ಕೆಳಗೆ ಬರಮಾಡಿಕೊಳ್ಳುತ್ತವೆ. ಬುತ್ತಿ ಎಣಿಸಿ ತಿಳಿದುಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಹಾಗೆಂದು ಸಂಖ್ಯೆಯೊಂದೇ ಕಾಯುತ್ತದೆ ಎಂದು ನಂಬಿ ಕೂಡುವಂತಿಲ್ಲ. ಇಂಥದೇ ಒಂದು ಮುಂಜಾನೆ, 2010ರ ಮೇ 22ರಂದು, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ಗಲ್ಫ್‌ನಲ್ಲಿ ದುಡಿದು ರಜೆಗೆ ಮನೆಗೆ ಬರುತ್ತಿದ್ದವರು, ಅವರ ಹೆಂಡತಿ ಮಕ್ಕಳು. ಕ್ಯಾಪ್ಟನ್‌ಗೆ ವಯಸ್ಸಿನ ಮಿತಿ ಹತ್ತಿರವೂ ಬಂದಿರಲಿಲ್ಲ, 10,000 ಗಂಟೆಗೂ ಮೀರಿದ ಹಾರಾಟದ ಅನುಭವ ಇತ್ತು. ತನಿಖೆಯಲ್ಲಿ ತಿಳಿದದ್ದು, ಹಾರಾಟದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಅವರು ನಿದ್ದೆಯಲ್ಲಿದ್ದರು, ಇಳಿಯುವ ಹೊತ್ತಿಗೂ ನಿದ್ದೆಯ ಜಡ ಹೋಗಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಕಿರಿಯ ಪೈಲಟ್ ಇಳಿಸುವುದು ಬೇಡ, ಮೇಲೇರಿ ಇನ್ನೊಂದು ಸುತ್ತು ಬರೋಣ ಎಂದು ಮೂರು ಸಲ ಹೇಳಿದರು. ಹಿರಿಯರ ಕಿವಿಗೆ ಅದು ಇಳಿಯಲಿಲ್ಲ.

ನಮ್ಮ ಮನೆಯಲ್ಲಿ ಹೇಳುವ ಬಾಯಿ ಇರಲಿಲ್ಲ. ಅಲ್ಲಿ ಬಾಯಿ ಇತ್ತು, ಕೇಳುವ ಕಿವಿ ಎಚ್ಚರವಿರಲಿಲ್ಲ.

ವಯಸ್ಸು ಎಣಿಸುವುದು ಸುಲಭ, ನಿದ್ದೆ ಎಣಿಸುವುದು ದುಬಾರಿ. ಕಳೆದ ವರ್ಷ ಅದೂ ಕಂಡಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ವಿಮಾನ ಇಳಿಸುವುದನ್ನು ವಾರಕ್ಕೆ ಆರು ಸಲದಿಂದ ಎರಡಕ್ಕೆ ಇಳಿಸುವ ನಿಯಮ ನಮ್ಮಲ್ಲಿ ಹಂತಹಂತವಾಗಿ ಬಂತು. 2025ರ ನವೆಂಬರ್ 1ರಿಂದ ಪೂರ್ತಿ ಜಾರಿ. ಡಿಸೆಂಬರ್ ಮೊದಲ ವಾರಕ್ಕೆ ಇಂಡಿಗೊ ಕಂಪನಿಯ ಸಾವಿರಾರು ಹಾರಾಟಗಳು ರದ್ದಾದವು, ಹೊಸ ಲೆಕ್ಕಕ್ಕೆ ಸಾಲುವಷ್ಟು ಪೈಲಟ್‌ಗಳನ್ನು ಅವರು ಹೊಂದಿಸಿಕೊಂಡಿರಲಿಲ್ಲ. ನಮ್ಮ ಹುಬ್ಬಳ್ಳಿಯಲ್ಲೇ ಒಂದು ಆರತಕ್ಷತೆ ನಡೆಯಿತು, ಮದುಮಕ್ಕಳು ಭುವನೇಶ್ವರದಲ್ಲಿ ಸಿಕ್ಕಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು. ಜನರಿಗೆ ಆದ ತೊಂದರೆ ನಿಜ. ಆದರೂ ಆ ವಿಶ್ರಾಂತಿ ಬೇಡವಾಗಿತ್ತು ಎನ್ನುವವರು ಬಜ್ಪೆಯನ್ನು ನೆನೆಯಬೇಕು. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆಯಲ್ಲಿ ವಿಮಾನ ಕಂಪನಿಗಳ ಒಕ್ಕೂಟ ವಯಸ್ಸಿನ ಮಿತಿಯನ್ನು 67ಕ್ಕೆ ಏರಿಸಿ ಎಂದು ಕೇಳಿತು. ಒಪ್ಪಿಗೆ ಸಿಗಲಿಲ್ಲ. ಆರೋಗ್ಯದ ಪುರಾವೆ ನೋಡಿ ನಾಳೆ 67 ಮಾಡಿದರೆ ಮಾಡಲಿ. ಆಳು ಸಾಲದು ಎಂಬ ಕಾರಣಕ್ಕೆ ಮಾತ್ರ ಗೆರೆ ಅಳಿಸುವುದು ಬೇಡ, 1959ರಲ್ಲಿ ಎಳೆದ ರೀತಿಯೂ ಬೇಡ.

ಗೆರೆ ದಾಟಿದವರಿಗೆ ಆಕಾಶವೇ ಮುಚ್ಚುವುದಿಲ್ಲ ಎಂಬುದನ್ನೂ ಹೇಳಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಚೀಲ ಹೊತ್ತು ಪುಟ್ಟ ವಿಮಾನ ಹಾರಿಸಿದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಅಂಚೆಯನ್ನು ಮದ್ರಾಸಿಗೆ ಒಯ್ದರು. ಸರಿಯಾಗಿ ಐವತ್ತು ವರ್ಷಕ್ಕೆ, 1982ರ ಅದೇ ತಾರೀಖಿಗೆ, 78 ವರ್ಷದ ಟಾಟಾ ಮತ್ತೆ ಕರಾಚಿಯಿಂದ ಮುಂಬೈಗೆ ಹಾಗೆಯೇ ಒಂದು ಹಳೆಯ ಪುಟ್ಟ ವಿಮಾನ ಹಾರಿಸಿಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಟಿಕೆಟ್ ಕೊಟ್ಟು ಕೂತವರಿರಲಿಲ್ಲ. ನಿಯಮ ತೆಗೆದುಕೊಳ್ಳುವುದು ಬೇರೆಯವರ ಜೀವದ ಹೊಣೆಯನ್ನು, ವಿದ್ಯೆಯನ್ನಲ್ಲ. ಅಜ್ಜನೂ ಕೂರಿಗೆ ಬಿಟ್ಟ ಮೇಲೆ ಸುಮ್ಮನೆ ಕೂಡಲಿಲ್ಲ. ಸುಗ್ಗಿಯಲ್ಲಿ ಬೀಜದ ತೆನೆ ಆರಿಸುವುದು ಅವನ ಪಾಲಾಯಿತು. ಒಂದೊಂದೇ ತೆನೆ ಅಂಗೈಯಲ್ಲಿಟ್ಟು ಹೊರಳಿಸಿ, ಕಾಳು ಒತ್ತಿ ನೋಡಿ, ಸೂಡು ಕಟ್ಟಿ ಅಟ್ಟಕ್ಕೆ ತೂಗಹಾಕುತ್ತಿದ್ದ. ಆ ಕೆಲಸಕ್ಕೆ ಕಣ್ಣಿಗಿಂತ ಬೆರಳು ಬೇಕಿತ್ತು.

ಇದನ್ನೆಲ್ಲ ನಾನು ಡ್ರೈವರ್‌ಗೆ ಒಂದೇ ದಿನ ಹೇಳಲಿಲ್ಲ. ಹಲವು ಮುಂಜಾನೆ, ಚಹಾದ ಹೊತ್ತಿಗೆ, ಸ್ವಲ್ಪ ಸ್ವಲ್ಪವೇ ಮಾತಾಯಿತು. ರಿಟೈರ್ ಆದ ಮೇಲೆ ಏನು ಮಾಡ್ತೀರಿ ಎಂದು ಒಂದು ದಿನ ಕೇಳಿದೆ.

“ಖಾಸಗಿ ಬಸ್ಸಿನವರು ಕರದಾರ್ರಿ. ರಾತ್ರಿ ಬೆಂಗಳೂರ ಗಾಡಿ. ಅಲ್ಲಿ ವಯಸ್ಸು ಕೇಳಂಗಿಲ್ಲ.”

ಅದು ಹೌದು. ಲೈಸೆನ್ಸು ಐದು ವರ್ಷಕ್ಕೊಮ್ಮೆ ವೈದ್ಯರ ಸರ್ಟಿಫಿಕೇಟು ಇಟ್ಟು ನವೀಕರಿಸಿದರೆ ಆಯಿತು, ಖಾಸಗಿ ಗಾಡಿಗೆ ಮೇ 31 ಇಲ್ಲ. ಅವರು ಮಾತಾಡುತ್ತಲೇ ಮತ್ತೆ ಗಾಜಿನ ಹತ್ತಿರ ಹೋಗಿ ತಮ್ಮ ಸೀಟಿನ ಎದುರಿನ ಜಾಗವನ್ನು ಒರೆಸಿದರು. “ಈ ಗಾಜು ಎಷ್ಟು ತಿಕ್ಕಿದ್ರೂ ಮಬ್ಬು ಹೋಗಂಗಿಲ್ಲ ನೋಡ್ರಿ ಸರ. ಎದುರಿನ ಗಾಡಿ ಲೈಟು ಬಿತ್ತಂದ್ರ ಪೂರಾ ಬೆಳ್ಳಗ ಹರಡತೈತಿ.”

ನಾನು ಗಾಜಿನ ಹತ್ತಿರ ಹೋಗಿ ನೋಡಿದೆ. ಆ ಕಡೆಯ ಅಂಗಡಿಯ ಬೋರ್ಡಿನ ಸಣ್ಣ ಅಕ್ಷರವೂ ಅದರೊಳಗಿಂದ ಓದಲು ಬರುತ್ತಿತ್ತು. ಆ ಕ್ಷಣ ನನಗೆ ನಮ್ಮ ಪಡಸಾಲೆ ಕಣ್ಮುಂದೆ ಬಂತು. ಅವರು ನನಗೆ ನೆಂಟರಲ್ಲ, ನನ್ನ ವಿದ್ಯಾರ್ಥಿಯೂ ಅಲ್ಲ. ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ.

“ಗಾಜು ಸ್ವಚ್ಛ ಐತ್ರಿ. ನಿಮ್ಮ ಕಣ್ಣು ತೋರಸ್ರಿ. ರಿಟೈರ್ ಆದ ಮ್ಯಾಲಲ್ಲ, ಈ ವಾರನ. ರಾತ್ರಿ ಗಾಡಿಗೆ ಮಾತು ಕೊಡಬ್ಯಾಡ್ರಿ.”

ಅವರು ಪೇಪರಿನ ಮುದ್ದೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಸಿಟ್ಟು ಬಂತೇನೋ ಅಂದುಕೊಂಡೆ. “ಮನ್ಯಾಗ ಯಾರೂ ಹಿಂಗ ಹೇಳಿರಲಿಲ್ರಿ ಸರ” ಅಂದರು. ಕಂಡಕ್ಟರು ಸೀಟಿ ಊದಿದ, ಅವತ್ತು ಗಾಡಿ ಎಂದಿಗಿಂತ ನಿಧಾನ ಹೋಯಿತು.

ಆ ವಾರದ ಕೊನೆಗೆ ಅವರು ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದರು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿನದು ಬಲಿತಿತ್ತು. ಫೆಬ್ರವರಿಯಲ್ಲಿ ಅದರ ಶಸ್ತ್ರಚಿಕಿತ್ಸೆ ಆಯಿತು, ಇನ್ನೊಂದರದು ಬರುವ ತಿಂಗಳು. ಖಾಸಗಿ ಬಸ್ಸಿನವರಿಗೆ ಬರುವುದಿಲ್ಲ ಎಂದು ತಿಳಿಸಿದ್ದಾರಂತೆ. ಸದ್ಯ ವಸ್ತಿ ಗಾಡಿಗೆ ಬೇರೆ ಡ್ರೈವರ್ ಬರುತ್ತಿದ್ದಾರೆ. ವೈದ್ಯರು ಒಪ್ಪಿದರೆ ಕೊನೆಯ ಒಂದು ತಿಂಗಳು ಮತ್ತೆ ಅವರೇ ಬರುತ್ತಾರೆ. ಮೇ 31ರ ಮುಂಜಾನೆ ಐದೂವರೆಗೆ ನಿಲ್ದಾಣಕ್ಕೆ ಬನ್ನಿ ಎಂದು ಊರಲ್ಲಿ ಮನೆಮನೆಗೂ ಹೇಳುತ್ತಿದ್ದೇನೆ. ಹಾರಕ್ಕೆ ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡುವವರಿಗೆ ತಿಳಿಸಿಯಾಗಿದೆ.